ಸಂಖ್ಯೆಗಳಿಗೆ ಹಾರ ಕಟ್ಟಿದ ಮಹಾವೀರಾಚಾರ್ಯರು

ಯಾದಗಿರಿ, ಶಹಾಪುರ ಸೀಮೆಗಳ ನಡುವೆ ಹರಿಯುವ ಭೀಮೆಗೆ ಮೇಲುಭಾಗದಲ್ಲಿ ಬಂದು ಕೂಡುವ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ಆ ಮಾನ್ಯಖೇಟದಿಂದ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಕ್ರಿ.ಶ. 850ರ ಸುಮಾರಿಗೆ, ಜೈನಪಂಡಿತ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿ, ಮೊದಲಲ್ಲಿಯೇ ಆ ಅರಸನನ್ನು ಸ್ತುತಿಸಿದರು. ನೃಪತುಂಗನೆಂದೊಡನೆ ಕವಿರಾಜಮಾರ್ಗವನ್ನು ಸ್ಮರಿಸುವ ನಾಡು ಈ ಗಣಿತಜ್ಞರನ್ನು ಅಷ್ಟಾಗಿ ನೆನೆಯದಿರುವುದು ವಿಷಾದದ ಸಂಗತಿ.

ಅದುವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷಗ್ರಂಥಗಳೊಳಗಿನ ಕೆಲವು ಅಧ್ಯಾಯಗಳಾಗಿತ್ತು. ಆಚಾರ್ಯರು ಅದಕ್ಕೇ ಮೀಸಲಾದ ಗ್ರಂಥವನ್ನು ಬರೆದರು. ಅವರ ರಸಿಕತೆ ಕಾಣುವುದು ಗುಣಾಕಾರದ ಲೆಕ್ಕಗಳಲ್ಲಿ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದರು. ಈ ಹಾರದ ಎರಡು ಮಣಿಗಳೂ ಅವಿಭಾಜ್ಯ ಸಂಖ್ಯೆಗಳೆಂಬುದು ಗಮನಾರ್ಹ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111, ದೊರೆಯುತ್ತದೆ. ಇಲ್ಲಿಯೂ 73 ಅವಿಭಾಜ್ಯವೇ. ಆದರೆ ಒಂದನ್ನು ಹತ್ತೊಂಬತ್ತು ಸಲ ಬರೆದಾಗ ಉಂಟಾಗುವ ಬೃಹತ್ಸಂಖ್ಯೆಯನ್ನು ಹೀಗೆ ಒಡೆಯಲಾಗದು. ಅದೇ ಒಂದು ಅವಿಭಾಜ್ಯ ಸಂಖ್ಯೆ. ಅದು ಸಿದ್ಧವಾದದ್ದು 20ನೆಯ ಶತಮಾನದಲ್ಲಿ.

ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಆಚಾರ್ಯರು ಬರೆದದ್ದು ತಪ್ಪು, ಅದನ್ನು ಮರೆಮಾಚಬೇಕಾಗಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾಯಿತು.