ಡಿ. ದೇವರಾಜ ಅರಸು (1915–1982): ವಸತಿರಹಿತರಿಗೆ ನೆಲದ ಹಕ್ಕು ದೊರಕಿಸಿದ ಮುಖ್ಯಮಂತ್ರಿ

ಕರ್ನಾಟಕದಲ್ಲಿ ಇಂದು ನಿವೇಶನರಹಿತರು ಹಾಗೂ ವಸತಿರಹಿತರು ಸರ್ಕಾರದಿಂದ ಪಡೆಯುತ್ತಿರುವ ಹಲವು ಸೌಲಭ್ಯಗಳ ಮೂಲವು 1970ರ ದಶಕದಲ್ಲಿ ರೂಪುಗೊಂಡ ಕಾನೂನುಗಳಲ್ಲಿದೆ. ಆ ಅವಧಿಯಲ್ಲಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ದಿವಂಗತ ಶ್ರೀ ಡಿ. ದೇವರಾಜ ಅರಸು ಅವರು. ಅವರ ಹೆಸರನ್ನು ಹೊತ್ತ ವಸತಿ ಯೋಜನೆ ಹಾಗೂ ಅಭಿವೃದ್ಧಿ ನಿಗಮದಿಂದ ಸೌಲಭ್ಯ ಪಡೆಯಲು ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಅವರ ಜೀವನ ಹಾಗೂ ವಸತಿ ಕ್ಷೇತ್ರದ ಕಾರ್ಯಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀ ದೇವರಾಜ ಅರಸು ಅವರು 1915ನೇ ಆಗಸ್ಟ್ 20ರಂದು ಜನಿಸಿದರು. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಸ್ವಗ್ರಾಮ. ಮೈಸೂರು ರಾಜಮನೆತನದೊಂದಿಗೆ ಸಂಬಂಧವಿದ್ದ, ಸಂಖ್ಯೆಯಲ್ಲಿ ಅತಿ ಚಿಕ್ಕದಾದ ಅರಸು ಸಮುದಾಯಕ್ಕೆ ಅವರು ಸೇರಿದವರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ವ್ಯಾಸಂಗ ಮಾಡಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿಯನ್ನು ಪಡೆದರು. ಪದವಿಯ ನಂತರ ಸ್ವಗ್ರಾಮಕ್ಕೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದರು. ಭೂಮಿಯ ಒಡೆಯ, ಗೇಣಿದಾರ ಹಾಗೂ ಕೂಲಿಯಾಳುಗಳ ನಡುವಣ ಸಂಬಂಧವನ್ನು ಹತ್ತಿರದಿಂದ ಕಾಣುವ ಅವಕಾಶ ಅವರಿಗೆ ಹಳ್ಳಿಯಲ್ಲಿಯೇ ಒದಗಿತು.

ಸಾರ್ವಜನಿಕ ಜೀವನ

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗುವ ಮೂಲಕ ಅರಸು ಅವರ ಸಾರ್ವಜನಿಕ ಜೀವನ ಆರಂಭವಾಯಿತು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಹುಣಸೂರು ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 1960ರ ದಶಕದಲ್ಲಿ ಶ್ರೀ ಎಸ್. ನಿಜಲಿಂಗಪ್ಪ ಅವರ ಮಂತ್ರಿಮಂಡಲದಲ್ಲಿ ಸಚಿವರಾಗಿ ಕಾರ್ಯನಿರ್ವಹಿಸಿದರು. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ ಶ್ರೀಮತಿ ಇಂದಿರಾ ಗಾಂಧಿ ಅವರ ಪಕ್ಷದಲ್ಲಿ ನಿಂತು ರಾಜ್ಯದಲ್ಲಿ ಅದನ್ನು ಸಂಘಟಿಸಿದರು. 1972ನೇ ಮಾರ್ಚ್ 20ರಂದು ರಾಜ್ಯದ ಮುಖ್ಯಮಂತ್ರಿಗಳಾಗಿ ಅಧಿಕಾರ ಸ್ವೀಕರಿಸಿದರು. ಅವರ ಅಧಿಕಾರಾವಧಿಯಲ್ಲಿಯೇ, 1973ನೇ ನವೆಂಬರ್ 1ರಂದು, ಮೈಸೂರು ರಾಜ್ಯವು ಕರ್ನಾಟಕ ಎಂದು ನಾಮಕರಣಗೊಂಡಿತು.

ಬಡವರ ವಸತಿಯ ಅಂದಿನ ಸ್ಥಿತಿ

ಸ್ವಂತ ಭೂಮಿ ಇಲ್ಲದ ಅನೇಕ ಕೃಷಿ ಕಾರ್ಮಿಕ ಕುಟುಂಬಗಳು ಆ ಕಾಲದಲ್ಲಿ ಭೂಮಾಲೀಕರ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದವು. ಗೋಡೆಯ ಮಣ್ಣು, ಸೂರಿನ ಹುಲ್ಲು ಮತ್ತು ಕಟ್ಟಿದ ಶ್ರಮ ಕುಟುಂಬದ್ದಾಗಿದ್ದರೂ ಗುಡಿಸಲು ನಿಂತಿದ್ದ ನೆಲ ಅವರದಾಗಿರಲಿಲ್ಲ. ಕೂಲಿಯ ವಿಷಯದಲ್ಲಿಯಾಗಲಿ, ಮತದಾನದ ವಿಷಯದಲ್ಲಿಯಾಗಲಿ ಜಮೀನಿನ ಒಡೆಯರ ಮಾತನ್ನು ಮೀರಿದರೆ ಸೂರನ್ನೇ ಕಳೆದುಕೊಳ್ಳುವ ಭಯವಿತ್ತು. ಈ ಕಾರಣದಿಂದ ವಸತಿಯ ಪ್ರಶ್ನೆಯು ಕೇವಲ ಮಳೆ ಬಿಸಿಲಿನಿಂದ ರಕ್ಷಣೆಯ ಪ್ರಶ್ನೆಯಾಗಿರದೆ, ದುಡಿಯುವ ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆಯೂ ಆಗಿತ್ತು.

ನಗರಗಳಲ್ಲಿಯೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ಗಿರಣಿ, ಕಾರ್ಖಾನೆ ಹಾಗೂ ಕಟ್ಟಡದ ಕೆಲಸಕ್ಕಾಗಿ ವಲಸೆ ಬಂದವರು ಕೆರೆಯಂಗಳ, ರಾಜಕಾಲುವೆಯ ದಂಡೆ ಹಾಗೂ ರೈಲು ಹಳಿಗಳ ಬದಿಯಲ್ಲಿ ನೆಲೆಸಿದ್ದರು. ಕುಡಿಯುವ ನೀರು, ಶೌಚಾಲಯ ಮತ್ತು ಬೀದಿ ದೀಪಗಳ ಕೊರತೆಯ ಜೊತೆಗೆ, ಯಾವ ದಿನ ಎಬ್ಬಿಸಲಾಗುವುದೋ ಎಂಬ ಅನಿಶ್ಚಿತತೆಯೂ ಅವರನ್ನು ಕಾಡುತ್ತಿತ್ತು.

ಬಡವರಿಗೆ ಮನೆ ಕಟ್ಟಿಕೊಡುವ ಮೊದಲು ಮನೆಯ ಕೆಳಗಿನ ನೆಲವನ್ನು ಅವರ ಹೆಸರಿಗೆ ಮಾಡುವುದು ಅರಸು ಅವರ ಆಡಳಿತದ ವಸತಿ ಕ್ರಮಗಳಲ್ಲಿ ಕಂಡುಬರುವ ಸಾಮಾನ್ಯ ಅಂಶವಾಗಿದೆ. ಇದಕ್ಕಾಗಿ ಮೂರು ಪ್ರಮುಖ ಕಾನೂನುಗಳನ್ನು ಬಳಸಿಕೊಳ್ಳಲಾಯಿತು.

1. ನಿವೇಶನಕ್ಕಾಗಿ ಭೂಸ್ವಾಧೀನ

ಗ್ರಾಮೀಣ ಪ್ರದೇಶದ ಭೂರಹಿತ ಕಾರ್ಮಿಕರಿಗೆ ಮನೆ ನಿವೇಶನ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರವು 1971ರಲ್ಲಿ ಆರಂಭಿಸಿತ್ತು. ಆದರೆ ಎಲ್ಲ ಗ್ರಾಮಗಳಲ್ಲಿಯೂ ಹಂಚಲು ಸರ್ಕಾರಿ ಜಮೀನು ಲಭ್ಯವಿರಲಿಲ್ಲ. ಗ್ರಾಮಠಾಣಾ ಪ್ರದೇಶ ಭರ್ತಿಯಾಗಿದ್ದ ಊರುಗಳಲ್ಲಿ ಖಾಸಗಿ ಜಮೀನನ್ನು ಪಡೆಯುವುದು ಅನಿವಾರ್ಯವಾಗಿತ್ತು. ಸಾಮಾನ್ಯ ಭೂಸ್ವಾಧೀನ ಕಾನೂನಿನ ಪ್ರಕ್ರಿಯೆ ದೀರ್ಘವಾಗಿದ್ದುದರಿಂದ ನಿವೇಶನದ ಉದ್ದೇಶಕ್ಕಾಗಿಯೇ ಪ್ರತ್ಯೇಕ ಕಾನೂನನ್ನು ರೂಪಿಸಲಾಯಿತು. ಮನೆ ನಿವೇಶನಗಳನ್ನು ಮಂಜೂರು ಮಾಡುವುದಕ್ಕಾಗಿ ಭೂಸ್ವಾಧೀನಕ್ಕೆ ಸಂಬಂಧಿಸಿದ 1972ರ ಈ ಅಧಿನಿಯಮದಿಂದಾಗಿ, ದುರ್ಬಲ ವರ್ಗದವರಿಗೆ ನಿವೇಶನ ಒದಗಿಸಲು ಜಮೀನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವು ಸರ್ಕಾರಕ್ಕೆ ದೊರೆಯಿತು. 1975ರಲ್ಲಿ ಪ್ರಕಟವಾದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿಯೂ ನಿವೇಶನ ಹಂಚಿಕೆ ಸೇರಿತ್ತು. ನಿವೇಶನ ಹಂಚಿಕೆಯ ಜೊತೆಯಲ್ಲಿ ಕಡಿಮೆ ವೆಚ್ಚದ ಜನತಾ ಮನೆಗಳ ನಿರ್ಮಾಣವೂ ನಡೆಯಿತು. ರಾಜ್ಯದ ಅನೇಕ ಊರುಗಳಲ್ಲಿ ಇಂದಿಗೂ ಜನತಾ ಕಾಲೋನಿ ಎಂಬ ಹೆಸರು ಬಳಕೆಯಲ್ಲಿದೆ.

2. ವಾಸದ ಮನೆಯ ಮೇಲಿನ ಒಡೆತನ

1961ರ ಕರ್ನಾಟಕ ಭೂಸುಧಾರಣಾ ಅಧಿನಿಯಮಕ್ಕೆ ಅರಸು ಅವರ ಸರ್ಕಾರ ತಂದ ವ್ಯಾಪಕ ತಿದ್ದುಪಡಿಯು 1974ನೇ ಮಾರ್ಚ್ 1ರಿಂದ ಜಾರಿಗೆ ಬಂದಿತು. ಇದರಂತೆ ಗೇಣಿಗೆ ನೀಡಿದ್ದ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆತನ ಪಡೆಯುವ ಅವಕಾಶ ದೊರೆಯಿತು. ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಗಳ ಜೊತೆಗೆ ಅಧಿಕಾರೇತರ ಸದಸ್ಯರೂ ಇದ್ದರು. ಬಡ ಗೇಣಿದಾರನು ವಕೀಲರ ವೆಚ್ಚಕ್ಕೆ ಹೆದರಿ ಹಿಂದೆ ಸರಿಯಬಾರದೆಂಬ ಕಾರಣಕ್ಕೆ ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಲಕ್ಷಾಂತರ ಕುಟುಂಬಗಳು ಈ ನಮೂನೆಯನ್ನು ಸಲ್ಲಿಸಿದವು.

ಗೇಣಿದಾರರ ವಿಷಯ ಎಲ್ಲರಿಗೂ ತಿಳಿದಿರುವುದಾದರೂ ಇದೇ ಅಧಿನಿಯಮದ 38ನೇ ಪ್ರಕರಣವು ಅಷ್ಟಾಗಿ ಪರಿಚಿತವಲ್ಲ. ಗೇಣಿಯ ಹಕ್ಕೂ ಇಲ್ಲದ ಕೃಷಿ ಕಾರ್ಮಿಕರಿಗೆ ಈ ಪ್ರಕರಣ ಸಂಬಂಧಿಸಿದೆ. ಬೇರೆಯವರಿಗೆ ಸೇರಿದ ಜಮೀನಿನಲ್ಲಿ ಮನೆ ಮಾಡಿಕೊಂಡು ವಾಸಿಸುತ್ತಿದ್ದ ಕೃಷಿ ಕಾರ್ಮಿಕನು ಆ ವಾಸದ ಮನೆ, ಅದರ ನಿವೇಶನ ಹಾಗೂ ಹೊಂದಿಕೊಂಡ ಜಾಗದ ಒಡೆಯನೆಂದು ನೋಂದಾಯಿಸಿಕೊಳ್ಳಲು ಇದರಿಂದ ಅವಕಾಶವಾಯಿತು. ಹೊಲ ಸಿಗದಿದ್ದರೂ ಮನೆಯ ನೆಲ ಉಳಿಯುವಂತಾಯಿತು. ಕೂಲಿಗಾಗಿ ಬೇರೊಬ್ಬರ ಹೊಲಕ್ಕೆ ಹೋದರೂ ಸಂಜೆ ಹಿಂದಿರುಗುವ ಮನೆಯಿಂದ ಯಾರೂ ಹೊರಹಾಕಲಾಗದು ಎಂಬ ಸ್ಥಿತಿಯನ್ನು ಕಾನೂನು ಮೊದಲ ಬಾರಿಗೆ ಅವರಿಗೆ ಕಲ್ಪಿಸಿತು.

ಈ ಅಂಶವು ಇಂದಿಗೂ ಪ್ರಸ್ತುತವಾಗಿದೆ. ತಾಂಡಾ, ಹಾಡಿ, ಹಟ್ಟಿ ಮೊದಲಾದ ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಹಕ್ಕುಪತ್ರ ನೀಡುವ ಸಲುವಾಗಿ 2016ರ ತಿದ್ದುಪಡಿ ಅಧಿನಿಯಮದ ಮೂಲಕ ಸೇರಿಸಲಾದ 38ಎ ಪ್ರಕರಣವು ಇದೇ ತತ್ವದ ಮುಂದುವರಿಕೆಯಾಗಿದೆ.

3. ಕೊಳಚೆ ಪ್ರದೇಶ ನಿವಾಸಿಗಳಿಗೆ ರಕ್ಷಣೆ

ನಗರದ ಬಡವರಿಗಾಗಿ 1973ರ ಕರ್ನಾಟಕ ಕೊಳಚೆ ಪ್ರದೇಶಗಳ (ಸುಧಾರಣೆ ಮತ್ತು ನಿರ್ಮೂಲನ) ಅಧಿನಿಯಮವನ್ನು ರೂಪಿಸಲಾಯಿತು. ಇದರ ಅನುಷ್ಠಾನಕ್ಕಾಗಿ 1975ರಲ್ಲಿ ಕರ್ನಾಟಕ ಕೊಳಚೆ ನಿರ್ಮೂಲನ ಮಂಡಳಿ ಸ್ಥಾಪನೆಯಾಯಿತು. ಈ ಮಂಡಳಿಯೇ ಈಗಿನ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ.

ಒಂದು ಪ್ರದೇಶವನ್ನು ಕೊಳಚೆ ಪ್ರದೇಶವೆಂದು ಅಧಿಕೃತವಾಗಿ ಘೋಷಿಸುವುದು ಈ ಕಾನೂನಿನ ಮುಖ್ಯ ಹಂತ. ಘೋಷಣೆಯ ನಂತರ ನೀರು, ಚರಂಡಿ, ಶೌಚಾಲಯ, ರಸ್ತೆ ಹಾಗೂ ಬೀದಿ ದೀಪಗಳನ್ನು ಅಲ್ಲಿ ಒದಗಿಸಲು ಮಂಡಳಿಗೆ ಅವಕಾಶವಿರುತ್ತದೆ. ಸಕ್ಷಮ ಪ್ರಾಧಿಕಾರದ ಅನುಮತಿ ಇಲ್ಲದೆ ನಿವಾಸಿಗಳನ್ನು ತೆರವುಗೊಳಿಸುವ ನಡವಳಿಗಳಿಗೂ ಕಾನೂನು ನಿರ್ಬಂಧ ವಿಧಿಸಿತು. ಆದ್ದರಿಂದ ಘೋಷಣೆ ಎಂಬುದು ಪ್ರದೇಶಕ್ಕೆ ಅಂಟಿದ ಕಳಂಕವಲ್ಲ, ನಿವಾಸಿಗಳಿಗೆ ದೊರೆತ ಮಾನ್ಯತೆ ಎಂಬುದನ್ನು ನಾಗರಿಕರು ಗಮನಿಸಬಹುದು.

ನಿವಾಸಿಗಳಿಗೆ ಪೂರಕ ನೆರವು

ಸಾಲದ ಹೊರೆಯಿದ್ದ ಕುಟುಂಬಕ್ಕೆ ನಿವೇಶನವಷ್ಟೇ ಸಾಲದಾಗಿತ್ತು. ದೊರೆತ ನೆಲವು ಮರುವರ್ಷವೇ ಸಾಲಕ್ಕೆ ಈಡಾಗಿ ಹೋಗುವ ಸಂಭವವಿತ್ತು. ಈ ದೃಷ್ಟಿಯಿಂದ ಅದೇ ಅವಧಿಯ ಇತರ ಕ್ರಮಗಳನ್ನೂ ವಸತಿ ಕ್ರಮಗಳೊಂದಿಗೆ ಸೇರಿಸಿ ನೋಡಬೇಕಾಗುತ್ತದೆ. 1976ರ ಕರ್ನಾಟಕ ಋಣ ಪರಿಹಾರ ಅಧಿನಿಯಮದಿಂದ ಬಡ ರೈತರು ಹಾಗೂ ಕಾರ್ಮಿಕರು ಖಾಸಗಿ ಲೇವಾದೇವಿಗಾರರ ಸಾಲದಿಂದ ಬಿಡುಗಡೆ ಪಡೆದರು. 1976ರಲ್ಲಿ ಕೇಂದ್ರದ ಕಾನೂನು ಬಂದ ನಂತರ ಜೀತಗಾರರ ಬಿಡುಗಡೆಯ ಕಾರ್ಯ ರಾಜ್ಯದಲ್ಲಿ ನಡೆಯಿತು. ಪೌರಾಡಳಿತ ಸಚಿವರಾಗಿದ್ದ ಶ್ರೀ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕೊನೆಗಾಣಿಸಲು ಕ್ರಮ ಕೈಗೊಂಡರು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳು ಪರಭಾರೆಯಾಗದಂತೆ ತಡೆಯುವ ಅಧಿನಿಯಮವು 1978ರಲ್ಲಿ ರೂಪುಗೊಂಡು 1979ನೇ ಜನವರಿ 1ರಿಂದ ಜಾರಿಗೆ ಬಂದಿತು.

1972ರಲ್ಲಿ ಶ್ರೀ ಎಲ್.ಜಿ. ಹಾವನೂರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿ ಸಲ್ಲಿಸಿತು. ಇದರ ಆಧಾರದ ಮೇಲೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿಯನ್ನು ವಿಸ್ತರಿಸಲಾಯಿತು. 1977ರಲ್ಲಿ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು.

ಅನುಷ್ಠಾನದ ಕೊರತೆಗಳು

ಈ ಕ್ರಮಗಳು ಎಲ್ಲೆಡೆ ಸಮಾನವಾಗಿ ಫಲ ನೀಡಲಿಲ್ಲ. ಗೇಣಿಯ ದಾಖಲೆಗಳು ಸ್ಪಷ್ಟವಾಗಿದ್ದ ಹಾಗೂ ರೈತ ಸಂಘಟನೆಗಳು ಬಲವಾಗಿದ್ದ ಕರಾವಳಿ ಜಿಲ್ಲೆಗಳಲ್ಲಿ ಭೂಸುಧಾರಣೆ ಹೆಚ್ಚು ಯಶಸ್ವಿಯಾಯಿತು. ಬಾಯಿಮಾತಿನ ಗೇಣಿಯೇ ಹೆಚ್ಚಾಗಿದ್ದ ಕಡೆಗಳಲ್ಲಿ ಹಕ್ಕನ್ನು ರುಜುವಾತುಪಡಿಸುವುದು ಕಷ್ಟವಾಯಿತು. ನ್ಯಾಯಮಂಡಳಿಯ ತೀರ್ಮಾನದ ಮೇಲೆ ಆರಂಭದಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲವಾಗಿ ಅನೇಕ ಪ್ರಕರಣಗಳು ರಿಟ್ ಅರ್ಜಿಯ ರೂಪದಲ್ಲಿ ಉಚ್ಚ ನ್ಯಾಯಾಲಯವನ್ನು ತಲುಪಿ ವರ್ಷಗಟ್ಟಲೆ ಉಳಿದವು.

ನಿವೇಶನಗಳ ವಿಷಯದಲ್ಲಿಯೂ ತೊಂದರೆಗಳಿದ್ದವು. ಊರಿನಿಂದ ದೂರದಲ್ಲಿ, ದಾರಿ ಮತ್ತು ನೀರಿನ ವ್ಯವಸ್ಥೆ ಇಲ್ಲದ ಕಡೆ ದೊರೆತ ನಿವೇಶನಗಳಲ್ಲಿ ಮನೆ ಕಟ್ಟಲು ಫಲಾನುಭವಿಗಳಿಗೆ ಸಾಧ್ಯವಾಗಲಿಲ್ಲ. ಹಕ್ಕುಪತ್ರ ಕೈಯಲ್ಲಿದ್ದರೂ ಮನೆ ಕಟ್ಟುವ ಹಣ ಇಲ್ಲದವರೂ ಇದ್ದರು. ನಿವೇಶನ ಹಾಗೂ ಮನೆ ನಿರ್ಮಾಣದ ಸಹಾಯಧನ ಎರಡನ್ನೂ ಒಳಗೊಂಡ ಆಶ್ರಯ ಯೋಜನೆಯು 1991–92ರಲ್ಲಿ ಆರಂಭವಾಯಿತು. ವಸತಿ ಯೋಜನೆಗಳನ್ನು ಒಂದೇ ಸಂಸ್ಥೆಯ ಮೂಲಕ ಅನುಷ್ಠಾನಗೊಳಿಸಲು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 1970ರ ದಶಕದ ಕ್ರಮಗಳಲ್ಲಿ ಅಪೂರ್ಣವಾಗಿ ಉಳಿದಿದ್ದ ಭಾಗವನ್ನು ತುಂಬಲು ಇವುಗಳಿಂದ ಪ್ರಯತ್ನ ನಡೆಯಿತು.

ಕೊನೆಯ ವರ್ಷಗಳು

1977ನೇ ಡಿಸೆಂಬರ್ 31ರಂದು ಅರಸು ಅವರ ಸರ್ಕಾರ ವಜಾಗೊಂಡು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. ಮುಂದಿನ ಚುನಾವಣೆಯಲ್ಲಿ ಬಹುಮತ ಪಡೆದು 1978ನೇ ಫೆಬ್ರವರಿ 28ರಂದು ಅವರು ಎರಡನೆಯ ಬಾರಿಗೆ ಮುಖ್ಯಮಂತ್ರಿಗಳಾದರು. 1979ರಲ್ಲಿ ಶ್ರೀಮತಿ ಇಂದಿರಾ ಗಾಂಧಿ ಅವರ ಪಕ್ಷದಿಂದ ಬೇರ್ಪಟ್ಟರು. 1980ನೇ ಜನವರಿಯ ಲೋಕಸಭಾ ಚುನಾವಣೆಯ ಬೆನ್ನಲ್ಲೇ ಶಾಸಕರ ಬೆಂಬಲ ಕುಸಿದು ಅಧಿಕಾರ ತ್ಯಜಿಸಬೇಕಾಯಿತು. ಬಳಿಕ ಕರ್ನಾಟಕ ಕ್ರಾಂತಿರಂಗ ಎಂಬ ಪಕ್ಷವನ್ನು ಕಟ್ಟಿದರು. 1982ನೇ ಜೂನ್ 6ರಂದು ನಿಧನರಾದರು.

ಅಧಿಕಾರ ಹೋದ ನಂತರವೂ ಅವರು ತಂದ ಕಾನೂನುಗಳು ರದ್ದಾಗದೆ ಉಳಿದವು. ಹಕ್ಕುಪತ್ರ ಪಡೆದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅದೇ ನೆಲದಲ್ಲಿ ಇಂದಿಗೂ ವಾಸವಿದ್ದಾರೆ. ಅವರ ಜನ್ಮದಿನವಾದ ಆಗಸ್ಟ್ 20ರಂದು ರಾಜ್ಯ ಸರ್ಕಾರದ ವತಿಯಿಂದ ಅರಸು ಜಯಂತಿಯನ್ನು ಆಚರಿಸಲಾಗುತ್ತದೆ.

ಅವರ ಹೆಸರಿನ ಯೋಜನೆಗಳು

ದೇವರಾಜ ಅರಸು ವಸತಿ ಯೋಜನೆ: ಈ ಯೋಜನೆಯನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಅನುಷ್ಠಾನಗೊಳಿಸಲಾಗುತ್ತದೆ. ವಿಧವೆಯರು, ಅಂಗವಿಕಲರು, ಕುಷ್ಠರೋಗದಿಂದ ಗುಣಮುಖರಾದವರು, ಎಚ್‌ಐವಿ ಬಾಧಿತ ಕುಟುಂಬಗಳು, ಮಾಜಿ ದೇವದಾಸಿಯರು, ಅಲೆಮಾರಿ ಜನಾಂಗದವರು, ಜೀತವಿಮುಕ್ತರು ಮೊದಲಾದ ವಿಶೇಷ ವರ್ಗದವರಿಗೆ ಇದು ಮೀಸಲಾಗಿದೆ. ಗ್ರಾಮಸಭೆಯಲ್ಲಿ ತಮ್ಮ ಪರವಾಗಿ ಧ್ವನಿ ಎತ್ತುವವರಿಲ್ಲದ ಕುಟುಂಬಗಳಿಗೆ ಇಂತಹ ಪ್ರತ್ಯೇಕ ಯೋಜನೆಯಿಂದ ಹೆಚ್ಚಿನ ಪ್ರಯೋಜನವಿದೆ.

ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ: 1977ರಲ್ಲಿ ಸ್ಥಾಪನೆಯಾದ ನಿಗಮಕ್ಕೆ ನಂತರ ಅವರ ಹೆಸರನ್ನಿಡಲಾಯಿತು. ಸ್ವಯಂ ಉದ್ಯೋಗ, ಗಂಗಾ ಕಲ್ಯಾಣ ನೀರಾವರಿ ಹಾಗೂ ಅರಿವು ಶೈಕ್ಷಣಿಕ ಸಾಲ ಮೊದಲಾದ ಯೋಜನೆಗಳನ್ನು ಇದು ನಡೆಸುತ್ತದೆ.

ನಾಗರಿಕರ ಗಮನಕ್ಕೆ

ನಿವೇಶನ ಅಥವಾ ಮನೆಯ ಮಂಜೂರಾತಿ ಪಡೆದವರು ಹಕ್ಕುಪತ್ರವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವುದು, ಸ್ಥಳೀಯ ಸಂಸ್ಥೆಯಲ್ಲಿ ಖಾತೆ ಮಾಡಿಸಿಕೊಳ್ಳುವುದು ಹಾಗೂ ಮನೆ ಕಂದಾಯದ ರಸೀದಿಗಳನ್ನು ಕಾಯ್ದಿರಿಸುವುದು ಅವಶ್ಯಕ. ಮೂಲ ಫಲಾನುಭವಿ ನಿಧನರಾಗಿದ್ದಲ್ಲಿ ವಾರಸುದಾರರು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳತಕ್ಕದ್ದು. ನೆಲವು ಕುಟುಂಬದ ಹೆಸರಿನಲ್ಲಿ ದಾಖಲಾಗಿದ್ದಾಗ ಮಾತ್ರ ಮನೆ ನಿರ್ಮಾಣದ ಸಹಾಯಧನ, ಬ್ಯಾಂಕ್ ಸಾಲ ಮೊದಲಾದ ಸೌಲಭ್ಯಗಳನ್ನು ಸುಗಮವಾಗಿ ಪಡೆಯಬಹುದು. ಹೆಚ್ಚಿನ ಮಾಹಿತಿಗಾಗಿ ಗ್ರಾಮೀಣ ನಿವಾಸಿಗಳು ಗ್ರಾಮ ಪಂಚಾಯಿತಿ ಕಚೇರಿಯನ್ನು, ನಗರ ನಿವಾಸಿಗಳು ನಗರ ಸ್ಥಳೀಯ ಸಂಸ್ಥೆ ಅಥವಾ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.