ಹಳದಿ ಮನೆಗಳ ಬೀದಿಯಿಂದ ಹೊರಟವರು

ಗೆಳತಿಯರೇ, ಮಾಸಾಬ್ ಟ್ಯಾಂಕ್ ಕಡೆಯಿಂದ ಲಕಡೀಕಾಪೂಲ್‌ಗೆ ಹೋಗುವಾಗ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರನ್ನು ನಾವೆಲ್ಲ ಓದಿದವರೇ. ಹೈದರಾಬಾದಿಗೆ ಬಂದ ಹೊಸದರಲ್ಲಿ ಅದು ಯಾವುದೋ ಪೊಲೀಸ್ ಕ್ವಾರ್ಟರ್ಸ್ ಇರಬೇಕು ಅಂದುಕೊಂಡಿದ್ದೆ. ಅದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್, ಅಂದರೆ ನಿಜಾಮರ ಆಫ್ರಿಕನ್ ಕುದುರೆ ಪಡೆ ಇದ್ದ ಜಾಗ ಎಂದು ತಿಳಿದಿದ್ದು ಬಹಳ ತಡವಾಗಿ. ಆ ಸಿದ್ದಿ ಜನರ ಕುಟುಂಬಗಳು ಈಗಲೂ ಅಲ್ಲಿವೆ. ಇಲ್ಲಿನ ಮದುವೆ ಬರಾತುಗಳಲ್ಲಿ ಕೇಳುವ ಮರ್ಫಾ ವಾದ್ಯದಲ್ಲಿ ಅರಬ್ಬರ ಪಾಲು ಇರುವಂತೆ ಅವರ ಪಾಲೂ ಇದೆ. ಊರು ಬಿಟ್ಟು ಬಂದವರು ಕೈಯಲ್ಲಿ ಏನನ್ನೂ ತರಲಾಗದಿದ್ದರೂ ತಾಳವನ್ನು ತಂದೇ ತರುತ್ತಾರೆ ನೋಡಿ.

ಈ ಸಲದ ಸಂಚಿಕೆಗೆ ಒಬ್ಬ ಕಲಾವಿದರ ಬದುಕು ಬರೆಯಬೇಕು ಎಂದಾಗ ಮರ್ಫಾ ಸದ್ದೇ ತಲೆಯಲ್ಲಿತ್ತು. ಹಾಗಾಗಿ ನನಗೆ ನೆನಪಾದವರು ಗೆರಾರ್ಡ್ ಸೆಕೋಟೊ. ಅವರು ನಮ್ಮ ಊರಿಗೆ ಬಂದವರಲ್ಲ, ದಕ್ಷಿಣ ಆಫ್ರಿಕಾದಿಂದ ಪ್ಯಾರಿಸ್ಸಿಗೆ ಹೋದವರು. ರಾತ್ರಿ ಪಿಯಾನೊ ನುಡಿಸಿ ಹೊಟ್ಟೆ ಹೊರೆದುಕೊಂಡು, ಹಗಲು ಚಿತ್ರ ಬರೆದವರು.

ಸೆಕೋಟೊ ಹುಟ್ಟಿದ್ದು 1913ರ ಡಿಸೆಂಬರ್ 9ರಂದು, ಬೋಟ್ಷಬೆಲೊ ಎಂಬ ಜರ್ಮನ್ ಮಿಷನ್ ಕೇಂದ್ರದಲ್ಲಿ. ತಂದೆ ಶಾಲಾ ಮಾಸ್ತರು, ಧರ್ಮ ಬೋಧಕರು ಕೂಡ. ಮನೆಯಲ್ಲಿ ಹಾರ್ಮೋನಿಯಂ ಇತ್ತು. ಚರ್ಚಿನ ಹಾಡುಗಳ ನಡುವೆ ಬೆಳೆದ ಹುಡುಗನಿಗೆ ಸಂಗೀತ ಯಾರೂ ಕೂರಿಸಿ ಕಲಿಸದೆ ಬಂದಿತು. ಕರಿಯರ ಮಕ್ಕಳಿಗೆ ಓದಿ ಮುಂದೆ ಬರಲು ಆಗ ಇದ್ದ ದಾರಿಗಳು ಕಡಿಮೆ. ಅವರೂ ಶಿಕ್ಷಕರ ತರಬೇತಿ ಮುಗಿಸಿ ಮೇಷ್ಟರಾದರು. 1938ರಲ್ಲಿ ಒಂದು ಚಿತ್ರಕಲಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದದ್ದೇ ನೆಪ, ಕೆಲಸ ಬಿಟ್ಟು ಜೋಹಾನ್ಸ್‌ಬರ್ಗ್‌ಗೆ ಹೊರಟೇಬಿಟ್ಟರು. ತಿಂಗಳ ಸಂಬಳದ ಮೇಷ್ಟರ ಕೆಲಸ ಬಿಟ್ಟ ಮಗನ ಬಗ್ಗೆ ಯಾವ ಮನೆಯಲ್ಲಾದರೂ ಏನು ಮಾತಾಡಿರುತ್ತಾರೆಂದು ನಾವು ಊಹಿಸಬಹುದು.

ಅಲ್ಲಿ ಸೋಫಿಯಾಟೌನ್ ಎಂಬ ಬಡಾವಣೆಯಲ್ಲಿ ನೆಂಟರ ಮನೆಯಲ್ಲಿ ಉಳಿದರು. ಕರಿಯರು ಸ್ವಂತ ಜಾಗ ಕೊಳ್ಳಬಹುದಾಗಿದ್ದ ಅಪರೂಪದ ಜಾಗ ಅದು. ಇಕ್ಕಟ್ಟಾದ ಮನೆಗಳು, ಗಲಾಟೆ, ಸಂಗೀತ. ಜುಡಿತ್ ಗ್ಲಕ್ಮನ್ ಎಂಬ ಚಿತ್ರಕಾರ್ತಿ ಅವರಿಗೆ ತೈಲವರ್ಣ ಬಳಸುವುದನ್ನು ಹೇಳಿಕೊಟ್ಟರು. ಸೆಕೋಟೊ ದೇವರನ್ನೂ ಬರೆಯಲಿಲ್ಲ, ರಾಜರನ್ನೂ ಬರೆಯಲಿಲ್ಲ. ಬೀದಿಯಲ್ಲಿ ನಡೆಯುವ ಹೆಂಗಸರು, ಮಕ್ಕಳು, ಕೆಲಸದಿಂದ ಮರಳುವ ಗಂಡಸರು, ಇಷ್ಟೇ. 1940ರಲ್ಲಿ ಜೋಹಾನ್ಸ್‌ಬರ್ಗ್ ಆರ್ಟ್ ಗ್ಯಾಲರಿ ಅವರ ಹಳದಿ ಮನೆಗಳ ಚಿತ್ರವನ್ನು ಕೊಂಡಿತು. ಆ ದೇಶದ ಸಾರ್ವಜನಿಕ ಸಂಗ್ರಹಾಲಯವೊಂದು ಕರಿಯ ಚಿತ್ರಕಾರನ ಕೃತಿ ಕೊಂಡದ್ದು ಅದೇ ಮೊದಲು. ಚಿತ್ರಕ್ಕೆ ಗೋಡೆಯ ಮೇಲೆ ಜಾಗ ಸಿಕ್ಕಿತು, ಬರೆದವರಿಗೆ ಒಳಗೆ ಹೋಗುವ ಹಕ್ಕಿರಲಿಲ್ಲ. ತಮ್ಮದೇ ಚಿತ್ರ ನೋಡಲು ಅವರು ಕಸ ಗುಡಿಸುವವರಂತೆ ಒಳಗೆ ಹೋದರು ಎಂಬ ಮಾತಿದೆ.

1942ರಲ್ಲಿ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್, 1945ರಲ್ಲಿ ಪ್ರಿಟೋರಿಯಾ ಹತ್ತಿರದ ಈಸ್ಟ್‌ವುಡ್‌ನಲ್ಲಿ ತಾಯಿಯ ಮನೆ. ಈಸ್ಟ್‌ವುಡ್‌ನ ಆ ಎರಡು ವರ್ಷಗಳ ಚಿತ್ರಗಳೇ ಅವರ ಅತ್ಯುತ್ತಮ ಕೆಲಸ ಎಂದು ಬಲ್ಲವರು ಹೇಳುತ್ತಾರೆ. ಅವುಗಳಲ್ಲಿ ಗುದ್ದಲಿ ಎತ್ತಿದ ಕೂಲಿಕಾರರ ಚಿತ್ರ ನನಗೆ ಬಹಳ ಹಿಡಿಸಿತು. ಸಾಲಾಗಿ ನಿಂತವರ ಗುದ್ದಲಿಗಳೆಲ್ಲ ಒಟ್ಟಿಗೆ ಮೇಲೆದ್ದಿವೆ, ಎದುರಿಗೆ ಜೇಬಿಗೆ ಕೈ ಇಳಿಬಿಟ್ಟ ಬಿಳಿಯ ಮೇಸ್ತ್ರಿ. ಮೇಸ್ತ್ರಿ ಸಣಕಲಾಗಿ ಕಾಣುತ್ತಾನೆ. ಆ ಚಿತ್ರದ ಹೆಸರಿನಲ್ಲೇ ಹಾಡಿದೆ. ನೋಡುತ್ತಿದ್ದರೆ ಕೂಲಿಯವರ ತಾಳ ಕಿವಿಗೆ ಬೀಳುತ್ತದೆ. ಸಂಗೀತ ಗೊತ್ತಿದ್ದವರಷ್ಟೇ ಹಾಗೆ ಬರೆಯಬಲ್ಲರು ಅನ್ನಿಸುತ್ತದೆ.

1947ರಲ್ಲಿ, ಚಿತ್ರ ಮಾರಿ ಕೂಡಿಟ್ಟ ಹಣದಲ್ಲಿ ಹಡಗು ಹತ್ತಿ, ಲಂಡನ್ ಮೂಲಕ ಪ್ಯಾರಿಸ್ ಸೇರಿದರು. ವಯಸ್ಸು 33. ಮರುವರ್ಷವೇ ಅವರ ದೇಶದಲ್ಲಿ ವರ್ಣಭೇದದ ಸರ್ಕಾರ ಬಂತು.

ಪ್ಯಾರಿಸ್ಸಿನಲ್ಲಿ ಅವರಿಗಾಗಿ ಯಾರೂ ಕಾದಿರಲಿಲ್ಲ. ಗುರುತಿಲ್ಲ, ಭಾಷೆಯಿಲ್ಲ, ಕೈಯಲ್ಲಿನ ಕಾಸು ಕರಗುತ್ತಿತ್ತು. ಕೈ ಹಿಡಿದದ್ದು ಎಳೆವಯಸ್ಸಿನ ಹಾರ್ಮೋನಿಯಂ. ಸೇಂಟ್ ಜರ್ಮೇನ್ ಪ್ರದೇಶದ ಲೆಷೆಲ್ ದ ಜಾಕೋಬ್ ಎಂಬ ಸಣ್ಣ ಬಾರಿನಲ್ಲಿ ಪಿಯಾನೊ ನುಡಿಸುವ ಕೆಲಸ ಸಿಕ್ಕಿತು. ಜಾಝ್ ನುಡಿಸಿದರು, ಕರಿಯರ ಭಕ್ತಿಗೀತೆಗಳನ್ನು ಹಾಡಿದರು. ನಿದ್ದೆಗೆಟ್ಟ ರಾತ್ರಿಗಳು, ಕುಡಿತ, ಒಂಟಿತನ ಎಲ್ಲ ಸೇರಿ 1949ರಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಕೊಂಡೊಯ್ದವು. ಅಲ್ಲಿಂದ ಎದ್ದು ಬಂದು ಮತ್ತೆ ಪಿಯಾನೊ ಮುಂದೆ ಕೂತರು. 1956ರಿಂದ 1960ರವರೆಗೆ 29 ಹಾಡುಗಳಿಗೆ ರಾಗ ಹಾಕಿದರು, ಹೆಚ್ಚಿನವು ಬಿಟ್ಟುಬಂದ ಊರಿನ ಹಂಬಲದವು. ಮಾರ್ತ್ ಎಂಬ ಫ್ರೆಂಚ್ ಮಹಿಳೆ ದಶಕಗಳ ಕಾಲ ಅವರಿಗೆ ಜೊತೆಯಾಗಿದ್ದರು. ಕಲಾವಿದರ ಚರಿತ್ರೆಗಳಲ್ಲಿ ಇಂಥವರಿಗೆ ಒಂದೇ ಸಾಲು ಸಿಗುತ್ತದೆ. ನಾನೂ ಅಷ್ಟೇ ಕೊಡುತ್ತಿದ್ದೇನೆ ಎಂಬುದು ನನಗೆ ಚುಚ್ಚುತ್ತಿದೆ.

ಅವರು ದೂರದಲ್ಲಿದ್ದಾಗ ಊರು ಒಂದೊಂದಾಗಿ ಅಳಿಯಿತು. 1955ರ ಫೆಬ್ರವರಿಯಲ್ಲಿ ಸೋಫಿಯಾಟೌನಿಗೆ ಪೊಲೀಸರೂ ಲಾರಿಗಳೂ ಬಂದವು. ಜನರನ್ನು ಸಾಮಾನಿನ ಜೊತೆ ಏರಿಸಿ ದೂರಕ್ಕೆ ಸಾಗಿಸಿದರು, ಮನೆಗಳನ್ನು ಕೆಡವಿದರು, ಬಿಳಿಯರಿಗೆ ಹೊಸ ಮನೆ ಕಟ್ಟಿ ಆ ಜಾಗಕ್ಕೆ ಟ್ರಯೋಂಫ್, ಅಂದರೆ ವಿಜಯ, ಎಂದು ಹೆಸರಿಟ್ಟರು. 1966ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಬಿಳಿಯರದು ಎಂದು ಘೋಷಣೆಯಾಯಿತು. ಈಸ್ಟ್‌ವುಡ್ ಕೂಡ ಉಳಿಯಲಿಲ್ಲ. ಅವರು ಬರೆದ ಮೂರೂ ಬಡಾವಣೆಗಳು ನೆಲಸಮ! ಬರೆಯುವಾಗ ಅದು ಅವರಿಗೆ ದಿನಾ ಕಾಣುವ ಬೀದಿ ಅಷ್ಟೇ ಆಗಿತ್ತು.

ಪ್ಯಾರಿಸ್ಸಿನಲ್ಲಿ ನೆನಪಿನಿಂದ ಬರೆದ ಆಫ್ರಿಕಾದಲ್ಲಿ ಮೊದಲಿನ ಬಿಸಿ ಇಲ್ಲ ಎಂಬ ಟೀಕೆ ಇದೆ. ನಿಜವೇ ಇರಬಹುದು. ಕಣ್ಣೆದುರು ಇಲ್ಲದ ಬೀದಿಯನ್ನು ಎಷ್ಟು ವರ್ಷ ಅಂತ ಬರೆಯುವುದು? 1966ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಕರಿಯರ ಕಲಾ ಉತ್ಸವಕ್ಕೆ ಹೋದವರು ಸುಮಾರು ಒಂದು ವರ್ಷ ಅಲ್ಲೇ ನಿಂತರು. ಆಗಿನ ಚಿತ್ರಗಳಲ್ಲಿ ಬಣ್ಣ ಮತ್ತೆ ಬೆಚ್ಚಗಾಗಿದೆ. ಆಫ್ರಿಕಾದ ಮಣ್ಣು ಅವರ ಕಾಲಿಗೆ ತಾಗಿತು, ತಮ್ಮ ಊರಿನದಲ್ಲ.

ತಾಯ್ನಾಡು ಅವರನ್ನು ನೆನಪಿಸಿಕೊಂಡಾಗ ಅವರಿಗೆ ಎಪ್ಪತ್ತು ದಾಟಿತ್ತು. 1988ರಲ್ಲಿ ಬಾರ್ಬರಾ ಲಿಂಡಪ್ ಅವರ ಬಗ್ಗೆ ದೊಡ್ಡ ಪುಸ್ತಕ ತಂದರು. 1989ರಲ್ಲಿ ಅದೇ ಜೋಹಾನ್ಸ್‌ಬರ್ಗ್ ಗ್ಯಾಲರಿ ಅವರ ಜೀವಮಾನದ ಚಿತ್ರಗಳ ಪ್ರದರ್ಶನ ಏರ್ಪಡಿಸಿತು, ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಮರಳಿ ಹೋಗಲಿಲ್ಲ. 1993ರ ಮಾರ್ಚ್ 20ರಂದು ಪ್ಯಾರಿಸ್ ಹತ್ತಿರದ ನೋಜಾನ್ ಎಂಬಲ್ಲಿ, ವೃದ್ಧ ಕಲಾವಿದರ ಆಶ್ರಮದಲ್ಲಿ ತೀರಿಕೊಂಡರು. ಅವರ ದೇಶದಲ್ಲಿ ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆಗೆ ಇನ್ನೂ ಒಂದು ವರ್ಷವಿತ್ತು.

ಟ್ರಯೋಂಫ್ ಹೆಸರು ಅಳಿಸಿ ಮತ್ತೆ ಸೋಫಿಯಾಟೌನ್ ಎಂದು ಬರೆದದ್ದು 2006ರಲ್ಲಿ. ಹಳದಿ ಮನೆಗಳ ಚಿತ್ರ ಗ್ಯಾಲರಿಯ ಸಂಗ್ರಹದಲ್ಲೇ ಇದೆ.