ಗ್ರಿಫಿತ್ ಒಡೆದ ಗಾಜಿನ ಬುರುಡೆಗಳು

ಹುಣಸಮಾರನಹಳ್ಳಿಯ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಒಂಬತ್ತನೇ ತರಗತಿಗೆ ಒತ್ತಡದ ಪಾಠ ಮಾಡುತ್ತಿದ್ದೆ. ಬಿರುಕು ಬಿಟ್ಟ ಪಾತ್ರೆಯೊಳಗೆ ಒತ್ತಡ ಏರಿದರೆ ಅದು ಸಿಡಿಯುತ್ತದೆ ಎಂದು ಹೇಳಿ ಮುಂದೆ ಹೋದೆ. ಎಷ್ಟು ಉದ್ದದ ಬಿರುಕಿದ್ದರೆ ಎಷ್ಟು ಒತ್ತಡಕ್ಕೆ ಸಿಡಿಯುತ್ತದೆ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ಹುಡುಕುವಾಗ ಸಿಕ್ಕವರು ಅಲನ್ ಆರ್ನಾಲ್ಡ್ ಗ್ರಿಫಿತ್. ಮರುದಿನದ ಪಾಠವನ್ನು ಅವರ ಜೀವನದಿಂದಲೇ ಶುರು ಮಾಡಿದೆ.

ಗ್ರಿಫಿತ್ ಹುಟ್ಟಿದ್ದು 1893ರಲ್ಲಿ, ಲಂಡನ್ನಿನಲ್ಲಿ. ಲಿವರ್‌ಪೂಲಿನಲ್ಲಿ ಎಂಜಿನಿಯರಿಂಗ್ ಓದಿ 1915ರಲ್ಲಿ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆ ಸೇರಿದರು. ಅಲ್ಲಿ ಜಿ. ಐ. ಟೇಲರ್ ಜೊತೆ ಸೇರಿ, ತಿರುಚಿದ ದಂಡದೊಳಗೆ ಬಲ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಸೋಪಿನ ಪೊರೆಯಿಂದ ಅಳೆದರು. ಪ್ರಯೋಗಾಲಯವಿಲ್ಲ ಎಂದು ಕೊರಗುವ ನಾನು ಇಲ್ಲಿ ಸ್ವಲ್ಪ ನಾಚಿಕೊಂಡೆ.

ಲೆಕ್ಕದ ಪ್ರಕಾರ ಗಾಜು ಬಹಳ ಗಟ್ಟಿಯಾಗಿರಬೇಕು, ಆದರೆ ಅದರ ಸಣ್ಣ ಪಾಲು ಬಲಕ್ಕೇ ಒಡೆಯುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳೇ ಕಾರಣ ಎಂದು ಗ್ರಿಫಿತ್ ಊಹಿಸಿದರು. ಬಿರುಕು ಬೆಳೆದರೆ ಹೊಸ ಮೇಲ್ಮೈ ಹುಟ್ಟುತ್ತದೆ, ಅದಕ್ಕೆ ಶಕ್ತಿ ಬೇಕು. ಎಳೆತದಲ್ಲಿರುವ ಗಾಜು ಸಡಿಲಗೊಂಡು ಆ ಶಕ್ತಿ ಕೊಡುತ್ತದೆ. ಬರುವುದು ಖರ್ಚಿಗಿಂತ ಹೆಚ್ಚಾದ ಕ್ಷಣವೇ ಬಿರುಕು ಓಡುತ್ತದೆ. ಇದನ್ನು ಪರೀಕ್ಷಿಸಲು ಗಾಜಿನ ಬುರುಡೆ, ಕೊಳವೆಗಳಲ್ಲಿ ಬೇಕೆಂದೇ ಬಿರುಕು ಮಾಡಿ, ಉದ್ದ ಅಳೆದು, ಒಳಗೆ ದ್ರವದ ಒತ್ತಡ ಏರಿಸಿ ಒಡೆದರು. ಬುರುಡೆಯ ಗಾತ್ರ, ದಪ್ಪ ಒಂದೇ ಇದ್ದರೆ, ಬಿರುಕು ನಾಲ್ಕು ಪಟ್ಟು ಉದ್ದವಾದಾಗ ಅರ್ಧ ಒತ್ತಡಕ್ಕೇ ಸಿಡಿಯುತ್ತದೆ ಎಂಬುದು ಅವರ ಲೆಕ್ಕ. 1920ರಲ್ಲಿ ಅದು ರಾಯಲ್ ಸೊಸೈಟಿಗೆ ತಲುಪಿತು.

ಗಾಜು ಕರಗಿಸುವ ಗ್ಯಾಸ್ ಒಲೆಯನ್ನು ಸಹಾಯಕರು ಆರಿಸಲು ಮರೆತು ಬೆಂಕಿ ಹತ್ತಿತೆಂದೂ ಆಮೇಲೆ ಈ ಕೆಲಸ ನಿಲ್ಲಿಸಲು ಮೇಲಿನವರು ಹೇಳಿದರೆಂದೂ ಒಂದು ಕಥೆಯಿದೆ. ಅಂತೂ ಗ್ರಿಫಿತ್ ಎಂಜಿನ್ನುಗಳ ಕಡೆ ತಿರುಗಿದರು. 1926ರಲ್ಲಿ ಟರ್ಬೈನ್ ಕುರಿತು ಮುಖ್ಯ ಪ್ರಬಂಧ ಬರೆದರು, 1939ರಲ್ಲಿ ರೋಲ್ಸ್ ರಾಯ್ಸ್ ಸೇರಿದರು, 1963ರಲ್ಲಿ ತೀರಿಕೊಂಡರು.

ನಮ್ಮ ತಲೆಯ ಮೇಲೆ ಹಾರುವ ಪ್ರಯಾಣಿಕ ವಿಮಾನವೂ ಒತ್ತಡದ ಪಾತ್ರೆಯೇ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದಾಗ, ಲೋಹದ ಬಿರುಕೇ ಕಾರಣವೆಂದು ನೀರಿನ ತೊಟ್ಟಿಯಲ್ಲಿ ಪರೀಕ್ಷಿಸಿ ಕಂಡುಕೊಂಡದ್ದು ಅದೇ ಫಾರ್ನ್‌ಬರೋದಲ್ಲಿ.

ತರಗತಿಯಲ್ಲಿ ಬಟ್ಟೆಯಂಗಡಿಯವರಂತೆ ಅಂಚಿಗೆ ಕತ್ತರಿ ತಾಗಿಸಿ ಬಟ್ಟೆ ಹರಿದು ತೋರಿಸಿದೆ. ಮನೆಯ ಕುಕ್ಕರಿಗೆ ಈ ಲೆಕ್ಕ ಹಾಕಬೇಡಿ ಎಂದೂ ಹೇಳಿದೆ. ಲೋಹ ಒಡೆಯುವ ಮೊದಲು ಹಿಗ್ಗುತ್ತದೆ, ಆ ಖರ್ಚನ್ನು ಲೆಕ್ಕಕ್ಕೆ ಸೇರಿಸಿದ್ದು ಮುಂದೆ ಅಮೆರಿಕದ ಜಾರ್ಜ್ ಇರ್ವಿನ್. ಬಿರುಕು ಒಂಬತ್ತು ಪಟ್ಟಾದರೆ ಏನಾಗುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ, ಮೂರನೇ ಒಂದು ಪಾಲು ಒತ್ತಡ ಸಾಕು ಎಂದು ಅದೇ ಹುಡುಗಿ ಹೇಳಿಬಿಟ್ಟಿದ್ದಳು.